ಆಯಿ ಕಲಿಸಿದ ಕೀರ್ತನೆ

ಹೋದ ಭಾನುವಾರ ಬೀದರಿನ ನಮ್ಮ ಚರ್ಚಿನ ಸಭೆಯಲ್ಲಿ ಮಕ್ಕಳ ಕನ್ಫರ್ಮೇಶನ್, ಅಂದರೆ ತಮ್ಮ ನಂಬಿಕೆಯನ್ನು ಎಲ್ಲರೆದುರು ದೃಢಪಡಿಸುವ ವಿಧಿ, ಆಯಿತು. ವಿಶ್ವಾಸ ಪ್ರಮಾಣ, ಹತ್ತು ಆಜ್ಞೆಗಳನ್ನು ಸರಾಗವಾಗಿ ಒಪ್ಪಿಸಿದರು. ಬೈಬಲಿನ 23ನೇ ಕೀರ್ತನೆಗೆ ಬಂದಾಗ ಒಬ್ಬ ಹುಡುಗಿ ‘ಕಾರ್ಗತ್ತಲಿನ ಕಣಿವೆ’ಯ ಹತ್ತಿರ ತಡವರಿಸಿ ನಿಂತಳು. ಪಾಸ್ಟರ್ ಅಯ್ಯನವರು ಹೇಳಿಕೊಡುವ ಮೊದಲೇ ಹೆಂಗಸರ ಕಡೆಯಿಂದ ಒಂದು ಮುದಿ ದನಿ ಮುಂದಿನದನ್ನು ಎತ್ತಿಕೊಂಡಿತು. ಅದರ ಹಿಂದೆಯೇ ಇನ್ನೊಂದು, ಮತ್ತೊಂದು. ಯಾರ ಕೈಯಲ್ಲೂ ಬೈಬಲ್ ಇರಲಿಲ್ಲ. ನನಗೆ ಕಣ್ಣು ತುಂಬಿ ಬಂತು.

ನಮ್ಮ ಆಯಿಗೂ, ಅಂದರೆ ಅಜ್ಜಿಗೂ, ಅಕ್ಷರ ಬರುತ್ತಿರಲಿಲ್ಲ. ಹೆಂಗಸರಿಗೆ ಬೈಬಲ್ ಕಲಿಸಲು ಊರಿಗೆ ಬರುತ್ತಿದ್ದ ಬೈಬಲ್ ವುಮನ್ ಹೇಳಿಕೊಟ್ಟ ವಾಕ್ಯಗಳನ್ನು ತೊಗರಿ ರಾಶಿ ಮಾಡುತ್ತ, ರೊಟ್ಟಿ ಬಡಿಯುತ್ತ ಬಾಯಿಪಾಠ ಮಾಡಿಕೊಂಡವಳು. ರಾತ್ರಿ ಮನೆಪ್ರಾರ್ಥನೆಗೆ ನನ್ನನ್ನು ಮುಂದೆ ಕೂಡಿಸಿಕೊಂಡು ಬೆನ್ನಿಗೆ ಅಂಗೈ ಒತ್ತಿ ಹಿಡಿಯುತ್ತಿದ್ದಳು. ರೊಟ್ಟಿ ಬಡಿದು ಬಡಿದು ಗಟ್ಟಿಯಾದ, ಹಂಚಿನ ಕಾವು ಇನ್ನೂ ಆರದ ಅಂಗೈ. ವಾಕ್ಯ ಸರಿ ಇದ್ದರೆ ಅದು ಅಲುಗುತ್ತಿರಲಿಲ್ಲ. ತಪ್ಪಿದರೆ ಬೆರಳು ಮೆಲ್ಲಗೆ ತಟ್ಟುತ್ತಿದ್ದವು. ‘ಇನ್ನೊಮ್ಮಿ ಹೇಳು ತಮ್ಮಾ, ನಿದ್ದ್ಯಾಗ ಎಬ್ಬಿಸಿ ಕೇಳಿದ್ರೂ ಬರಬೇಕು.’ ಇವತ್ತಿಗೂ ಕಷ್ಟ ಬಂದು ಮೊಣಕಾಲೂರಿದರೆ ಬೆನ್ನಿಗೆ ಆ ಬಿಸಿ ತಾಕುತ್ತದೆ. ಸ್ತೋತ್ರ ಸ್ವಾಮಿ!

ಮೆಥಡಿಸ್ಟರಾದ ನಮಗೆ ಇದು ಹೊಸ ಸಂಗತಿಯಲ್ಲ. ಮೆಥಡಿಸ್ಟ್ ಪಂಥಕ್ಕೆ ಬುನಾದಿ ಹಾಕಿದ ಜಾನ್ ವೆಸ್ಲಿಯ ತಾಯಿ ಸುಸನ್ನಾ ಪ್ರತಿ ಮಗುವಿಗೂ ವಾರದಲ್ಲಿ ಒಂದು ಸಂಜೆ ಮೀಸಲಿಟ್ಟಿದ್ದಳು. ಜಾನ್‌ನ ಸರದಿ ಗುರುವಾರ. ಮುಂದೆ 1742ರಲ್ಲಿ ಇಂಗ್ಲೆಂಡಿನ ಬ್ರಿಸ್ಟಲ್‌ನಲ್ಲಿ ಪ್ರಾರ್ಥನಾ ಮಂದಿರದ ಸಾಲ ತೀರಿಸಲು ವಿಶ್ವಾಸಿಗಳನ್ನು ಸುಮಾರು 12 ಮಂದಿಯ ಗುಂಪುಗಳಾಗಿ ಹಂಚಿ, ವಾರಕ್ಕೊಂದು ಪೆನ್ನಿ ಕೂಡಿಸುವ ಏರ್ಪಾಡಾಯಿತು. ಪೆನ್ನಿಗಾಗಿ ಮನೆಗಳಿಗೆ ಹೋದವರ ಕಣ್ಣಿಗೆ ಒಳಗಿನ ಕುಡಿತ, ಗಂಡ ಹೆಂಡಿರ ಜಗಳ ಬಿತ್ತು. ವೆಸ್ಲಿ ಆ ವಾರದ ಭೇಟಿಯನ್ನೇ ಆತ್ಮದ ಯೋಗಕ್ಷೇಮ ಕೇಳುವ ಕ್ಲಾಸ್ ಮೀಟಿಂಗ್ ಮಾಡಿದ.

ಈಗ ಕ್ರಿಸ್ಮಸ್‌ಗೆ ಚರ್ಚಿನಲ್ಲಿ ನಿಲ್ಲಲು ಜಾಗವಿರುವುದಿಲ್ಲ. ಬೇಸಿಗೆ ರಜೆಯ ಬೈಬಲ್ ಶಾಲೆ ವಿ.ಬಿ.ಎಸ್.ಗೆ ಮಕ್ಕಳು ಕುಣಿಯುತ್ತ ಬರುತ್ತಾರೆ, ಅದೂ ಸಂತೋಷವೇ. ಆದರೆ ಮನೆಪ್ರಾರ್ಥನೆ ಎಲ್ಲಿ ಹೋಯಿತು? ಊಟ ಮುಗಿದರೆ ಒಬ್ಬೊಬ್ಬರ ಕೈಯಲ್ಲಿ ಒಂದೊಂದು ಮೊಬೈಲ್. ಭಾನುವಾರ ಟ್ಯೂಷನ್ ಇಟ್ಟರೆ ಮೊದಲು ಬಿಡಿಸುವುದು ಸಂಡೇ ಸ್ಕೂಲನ್ನೇ. ಟೀಚರ್ ಒಂದು ತಾಸು ಕಲಿಸಿದ್ದನ್ನು ಉಳಿದ ಆರು ದಿನ ಮನೆಯಲ್ಲಿ ಯಾರೂ ಕೇಳದಿದ್ದರೆ ಅದು ಹೇಗೆ ನಿಂತೀತು? ಬೈಬಲಿನಲ್ಲಿ ಅಪೊಸ್ತಲ ಪೌಲನು ತನ್ನ ಶಿಷ್ಯ ತಿಮೊಥೆಯನ ನಂಬಿಕೆಯನ್ನು ನೆನೆದಾಗ ಅದು ಮೊದಲು ನೆಲೆಸಿದ್ದು ಅವನ ಅಜ್ಜಿಯಲ್ಲಿ, ಆಮೇಲೆ ತಾಯಿಯಲ್ಲಿ ಎಂದೇ ಬರೆದ. ಅಪ್ಪ ಅಮ್ಮಂದಿರೇ, ಇಷ್ಟನ್ನು ಪಾಸ್ಟರ್ ಮೇಲೆ ಹಾಕಿ ಕೂಡಬೇಡಿ.

ನಮ್ಮ ಓಣಿಯ ನಾಲ್ಕು ಮನೆಯವರು ಮಾತಾಡಿಕೊಂಡಿದ್ದೇವೆ. ಗುರುವಾರ ಸಂಜೆ ಸರದಿಯಂತೆ ಒಂದೊಂದು ಮನೆಯಲ್ಲಿ ಕೂಡುವುದು, ಮಕ್ಕಳಿಗೆ ವಾಕ್ಯ ಹೇಳಿಕೊಡಲು ಸಭೆಯ ಹಿರಿಯ ಹೆಂಗಸರನ್ನೇ ಕರೆಯುವುದು. ಮೊದಲಿಗೆ 121ನೇ ಕೀರ್ತನೆ ಹಿಡಿದಿದ್ದೇವೆ.