ಕಂಪ್ರೆಸರ್ ಟ್ಯಾಂಕಿನ ನೀರು, ಮೋಟಾರು ನಿಂತಾಗಿನ ‘ಸ್ಸ್’ ಸದ್ದು

ಪಂಕ್ಚರ್ ಅಂಗಡಿ, ಬೈಕ್ ಗ್ಯಾರೇಜು, ಸ್ಪ್ರೇ ಪೇಂಟಿಂಗ್ ಶೆಡ್ಡು, ಎಲ್ಲಿ ನೋಡಿದರೂ ಇರುವುದು ಹೆಚ್ಚುಕಮ್ಮಿ ಒಂದೇ ಬಗೆಯ ಏರ್ ಕಂಪ್ರೆಸರ್, ಗಾಳಿ ಒತ್ತಿ ತುಂಬುವ ಯಂತ್ರ: 2 ಎಚ್‌ಪಿ ಮೋಟಾರು, ಬೆಲ್ಟಿನಿಂದ ತಿರುಗುವ ಎರಡು ಸಿಲಿಂಡರಿನ ಪಂಪು, ಅಡಿಯಲ್ಲಿ 160 ಲೀಟರ್ ಆಸುಪಾಸಿನ ಟ್ಯಾಂಕು, ಅದಕ್ಕೆ ಗಾಲಿ. ಕೆಟ್ಟು ನಿಂತಾಗ ಎಲ್ಲರೂ ಮೊದಲು ಬಿಚ್ಚುವುದು ಪಂಪನ್ನು. ಪಂಪು ಕೆಡಲು ಕಾರಣವಾದದ್ದು ಮಾತ್ರ ಬಹಳ ಸಲ ಅದರ ಹೊರಗೇ ಇರುತ್ತದೆ: ಹೊರಬಿಡದ ನೀರು, ಕಟ್ಟಿಕೊಂಡ ಫಿಲ್ಟರು, ಸೋರುವ ಒಂದು ಚಿಕ್ಕ ವಾಲ್ವು.

ಯಾವ ಕೆಲಸಕ್ಕೆ ಕೈ ಹಾಕುವ ಮೊದಲೂ ಪ್ಲಗ್ ಕಿತ್ತುಬಿಡಿ. ಮೋಟಾರು ತಾನಾಗಿ ನಿಂತಿದೆ ಎಂದರೆ ಸಾಲದು. ಟ್ಯಾಂಕಿನ ಒತ್ತಡ ಇಳಿದ ಕೂಡಲೇ ಪ್ರೆಶರ್ ಸ್ವಿಚ್ ತಾನಾಗಿ ಮೋಟಾರು ಚಾಲೂ ಮಾಡುತ್ತದೆ, ಆಗ ಬೆರಳು ಬೆಲ್ಟಿನ ಹತ್ತಿರ ಇರಬಾರದು.

ಮೊದಲು ನೀರಿನ ವಿಚಾರ. ಗೇಜು 8 ಬಾರ್ (ಬಾರ್ ಅಂದರೆ ಒತ್ತಡದ ಅಳತೆ) ತೋರುವವರೆಗೆ ಗಾಳಿಯನ್ನು ಒತ್ತಿದರೆ, ಹೊರಗಿನ ಗಾಳಿಯದೇ ಒಂದು ಬಾರ್ ಸೇರಿ, ಅದರ ಗಾತ್ರ ಒಂಬತ್ತನೇ ಒಂದು ಪಾಲಿಗೆ ಇಳಿಯುತ್ತದೆ. ಅದರಲ್ಲಿದ್ದ ನೀರಾವಿಗೆ ಅಷ್ಟು ಚಿಕ್ಕ ಜಾಗದಲ್ಲಿ ಆವಿಯಾಗಿಯೇ ಉಳಿಯಲು ಆಗುವುದಿಲ್ಲ. ಗಾಳಿ ತಣಿದಂತೆ ನೀರಾಗಿ ತಳ ಸೇರುತ್ತದೆ. ಮಂಗಳೂರಿನ ಮಳೆಗಾಲವನ್ನೇ ಲೆಕ್ಕಕ್ಕೆ ಹಿಡಿಯಿರಿ. 30 ಡಿಗ್ರಿ ಬಿಸಿ, ಶೇಕಡಾ 80 ತೇವ ಇದ್ದರೆ ಒಂದು ಘನ ಮೀಟರ್ ಗಾಳಿಯಲ್ಲಿ ಸುಮಾರು 24 ಗ್ರಾಂ ನೀರಿರುತ್ತದೆ. ಒತ್ತಿ ತಣಿದ ಮೇಲೆ ಅದರಲ್ಲಿ 20 ಗ್ರಾಂ ಹೊರಬೀಳುತ್ತದೆ. ನಿಮಿಷಕ್ಕೆ 140 ಲೀಟರ್ ಗಾಳಿ ಕೊಡುವ ಪಂಪು ಒಂದು ಗಂಟೆ ಓಡಿದರೆ 170 ಮಿಲಿ, ಹತ್ತಿರ ಹತ್ತಿರ ಒಂದು ಲೋಟ. ಕಲಬುರಗಿಯ ಮೇ ತಿಂಗಳ ಒಣ ಗಾಳಿಯಲ್ಲಿ ಬರುವುದು ಇದಕ್ಕಿಂತ ಬಹಳ ಕಡಿಮೆ. ಹಾಗಾಗಿ ‘ವಾರಕ್ಕೊಮ್ಮೆ ನೀರು ಬಿಟ್ಟರೆ ಸಾಕು’ ಎನ್ನುವ ಮಾತು ಬಯಲುಸೀಮೆಯ ಬೇಸಿಗೆಯಲ್ಲಿ ಹೇಗೋ ನಡೆದೀತು, ಕರಾವಳಿಯಲ್ಲಿ ನಡೆಯದು. ಟ್ಯಾಂಕು ಬಿಸಿಯಿದ್ದಾಗ ಒಂದಷ್ಟು ನೀರು ಹೋಸಿನವರೆಗೂ ಆವಿಯಾಗಿಯೇ ಹೋಗಿ ಸ್ಪ್ರೇ ಗನ್ನಿನಲ್ಲಿ ಹನಿಯಾಗುತ್ತದೆ. ಪೇಂಟಿನ ಮೇಲೆ ಏಳುವ ಬೊಕ್ಕೆಗಳಲ್ಲಿ ಎಷ್ಟೋ ಇದರ ಕೊಡುಗೆಯೇ.

ದಿನದ ಕೆಲಸ ಮುಗಿದ ಮೇಲೆ ಒತ್ತಡವನ್ನು 1–2 ಬಾರ್‌ಗೆ, ಅಂದರೆ 15–30 ಪಿಎಸ್‌ಐಗೆ ಇಳಿಸಿ, ಟ್ಯಾಂಕಿನ ತಳದ ನೀರು ಬಿಡುವ ನಲ್ಲಿ, ಅಂದರೆ ಡ್ರೈನ್ ಕಾಕ್, ಅತ್ಯಂತ ತಗ್ಗಿನಲ್ಲಿ ಬರುವಂತೆ ಯಂತ್ರವನ್ನು ಸ್ವಲ್ಪ ವಾಲಿಸಿ, ಕಾಕನ್ನು ನಿಧಾನವಾಗಿ ತೆಗೆಯಿರಿ. ಉಳಿದ ಒತ್ತಡವೇ ನೀರನ್ನು ತಳ್ಳುತ್ತದೆ. 8 ಬಾರ್ ಇರುವಾಗಲೇ ತೆಗೆದರೆ ತುಕ್ಕಿನ ಚೂರು ಸಮೇತ ಮುಖಕ್ಕೆ ಹಾರುತ್ತದೆ. ಬರಿಯ ಗಾಳಿ ಬರತೊಡಗಿದ ಮೇಲೆ ಕಾಕನ್ನು ಬೆಳಗಿನವರೆಗೂ ತೆರೆದೇ ಬಿಡಿ. ಬರುವುದನ್ನು ಹಳೆಯ ಡಬ್ಬಿಯಲ್ಲಿ ಹಿಡಿಯಿರಿ, ಅದರಲ್ಲಿ ಎಣ್ಣೆ ಇರುವುದರಿಂದ ಬಾವಿಯ ಹತ್ತಿರ ಚೆಲ್ಲುವಂಥದ್ದಲ್ಲ. ಡಬ್ಬಿಯೊಳಗೆ ಒಮ್ಮೆ ನೋಡುವುದೂ ಲಾಭವೇ. ತೆಳು ಮಜ್ಜಿಗೆಯ ಬಣ್ಣಕ್ಕೆ ಚಿಂತಿಸಬೇಕಿಲ್ಲ. ಮೇಲೆ ದಪ್ಪ ಎಣ್ಣೆಯ ಪದರ ತೇಲುತ್ತಿದ್ದರೆ ಪಂಪಿನ ಪಿಸ್ಟನ್ ರಿಂಗು ಸವೆದಿದೆ, ಇಲ್ಲವೇ ಆಯಿಲ್ ಹೆಚ್ಚಾಗಿದೆ. ಕೆಂಪು ನೀರು, ತುಕ್ಕಿನ ಪದರು ಬಂದರೆ ಟ್ಯಾಂಕಿನ ತಳ ಒಳಗಿನಿಂದ ತೆಳುವಾಗುತ್ತಿದೆ.

ತಳದಲ್ಲಿ ಸೂಜಿಮೊನೆಯಷ್ಟು ತೂತು ಬಿದ್ದ ಟ್ಯಾಂಕಿಗೆ ವೆಲ್ಡಿಂಗ್ ಮಾಡಿಸುವ ಪದ್ಧತಿ ನಮ್ಮಲ್ಲಿದೆ. ದಯವಿಟ್ಟು ಬೇಡ. ತೂತು ಕಂಡದ್ದು ಒಂದೇ ಕಡೆಯಾದರೂ ಅದರ ಸುತ್ತಲಿನ ತಗಡು ಅಷ್ಟೇ ಸವೆದಿರುತ್ತದೆ. ವೆಲ್ಡಿಂಗಿನ ಬಿಸಿ ಅದನ್ನು ಇನ್ನಷ್ಟು ದುರ್ಬಲ ಮಾಡುತ್ತದೆ. ಅಂಥ ಟ್ಯಾಂಕು ಸೋರಿ ಸುಮ್ಮನಾಗುವುದಿಲ್ಲ, ಸೀಳುತ್ತದೆ. ಅನುಮಾನವಿದ್ದರೆ ಹೈಡ್ರೋ ಟೆಸ್ಟ್ ಮಾಡಿಸಿ. ಟ್ಯಾಂಕಿನ ತುಂಬ ನೀರು ತುಂಬಿ, ನೇಮ್‌ಪ್ಲೇಟಿನಲ್ಲಿ ಹೊಡೆದಿರುವ ಟೆಸ್ಟ್ ಪ್ರೆಶರಿನವರೆಗೆ ಕೈಪಂಪಿನಿಂದ ಏರಿಸುವ ಪರೀಕ್ಷೆ ಅದು. ನೀರು ಒತ್ತಿದರೂ ಕುಗ್ಗುವುದಿಲ್ಲವಾದ್ದರಿಂದ ಟ್ಯಾಂಕು ಬಿರುಕು ಬಿಟ್ಟರೂ ಒತ್ತಡ ತಕ್ಷಣ ಇಳಿದುಹೋಗುತ್ತದೆ. ಇದನ್ನೇ ಗಾಳಿ ತುಂಬಿ ಪರೀಕ್ಷಿಸುವುದು ಪ್ರಾಣಕ್ಕೆ ಅಪಾಯ.

ಇನ್ನು ಆ ‘ಸ್ಸ್’ ಸದ್ದು. ಒತ್ತಡ ತುಂಬಿ ಮೋಟಾರು ಕಟ್ ಆದಾಗ ಪ್ರೆಶರ್ ಸ್ವಿಚ್ಚಿನ ಪಕ್ಕದ ಸಣ್ಣ ಅನ್‌ಲೋಡರ್ ವಾಲ್ವು ತೆರೆದು, ಪಂಪಿನಿಂದ ಟ್ಯಾಂಕಿಗೆ ಬರುವ ಪೈಪಿನಲ್ಲಿ ಸಿಕ್ಕಿಕೊಂಡ ಗಾಳಿಯನ್ನು ಹೊರಬಿಡುತ್ತದೆ. ಎರಡು ಮೂರು ಸೆಕೆಂಡು ಸ್ಸ್ ಎಂದು ನಿಲ್ಲಬೇಕು. ಹಾಗೆ ಪೈಪು ಖಾಲಿಯಾದರೆ ಮಾತ್ರ ಮುಂದಿನ ಸಲ ಮೋಟಾರು ಹಗುರವಾಗಿ ತಿರುಗಲು ಶುರುವಾಗುತ್ತದೆ.

ಸದ್ದೇ ಬರಲಿಲ್ಲ ಎಂದಿಟ್ಟುಕೊಳ್ಳಿ. ಆಗ ಮೋಟಾರು ಮುಂದಿನ ಸಲ ಪೂರ್ತಿ ಒತ್ತಡದ ವಿರುದ್ಧ ಏಳಬೇಕಾಗುತ್ತದೆ. ಗುಂಯ್ ಎಂದು ನಿಂತುಬಿಡುತ್ತದೆ, ಬೆಲ್ಟು ಕಿರುಚುತ್ತದೆ, ಓವರ್‌ಲೋಡ್ ಟ್ರಿಪ್ ಆಗುತ್ತದೆ. ಸಿಂಗಲ್ ಫೇಸ್ ಆದರೆ ಸ್ಟಾರ್ಟಿಂಗ್ ಕೆಪಾಸಿಟರ್ ಸುಡುತ್ತದೆ. ಕೆಪಾಸಿಟರ್ ಬದಲಿಸಿ, ಅದು ಮತ್ತೆ ಸುಟ್ಟು, ಕೊನೆಗೆ ಮೋಟಾರು ರೀವೈಂಡಿಂಗಿಗೆ ಕಳಿಸಿದವರು ಅನೇಕರು. ಅಷ್ಟಕ್ಕೂ ಕಾರಣ ಈ ಸಣ್ಣ ವಾಲ್ವಿನಲ್ಲಿ ಕಟ್ಟಿಕೊಂಡ ಕೊಳೆ. ಸದ್ದು ಶುರುವಾಗಿ ನಿಲ್ಲದೇ ಹೋದರೆ ಕಥೆ ಬೇರೆ. ಅನ್‌ಲೋಡರ್ ಸರಿಯಾಗಿಯೇ ಇದೆ, ಆದರೆ ಟ್ಯಾಂಕಿನ ಬಾಯಲ್ಲಿರುವ, ಗಾಳಿಯನ್ನು ಒಳಕ್ಕೆ ಮಾತ್ರ ಬಿಡುವ ನಾನ್-ರಿಟರ್ನ್ ವಾಲ್ವು ಸರಿಯಾಗಿ ಕೂರುತ್ತಿಲ್ಲ, ಟ್ಯಾಂಕಿನ ಗಾಳಿ ಹಿಂದಕ್ಕೆ ಬಂದು ಅಲ್ಲಿಂದ ಹೋಗುತ್ತಿದೆ. ಮೋಟಾರು ಓಡುತ್ತಿರುವಾಗಲೇ ಅಲ್ಲಿಂದ ಗಾಳಿ ಬಂದರೆ ಅನ್‌ಲೋಡರಿನ ಪಿನ್ನು ತೆರೆದೇ ಸಿಕ್ಕಿಕೊಂಡಿದೆ.

ನಾನ್-ರಿಟರ್ನ್ ವಾಲ್ವು ಬಿಚ್ಚುವ ಮೊದಲು ಗೇಜಿನ ಮುಳ್ಳು ಸೊನ್ನೆಗೆ ಬಂದು, ಡ್ರೈನ್ ಕಾಕ್ ಕೂಡ ತೆರೆದಿರಬೇಕು. ಮುಳ್ಳೇ ಕೆಟ್ಟು ಸೊನ್ನೆಯಲ್ಲಿ ನಿಂತಿರಬಹುದು, ತೆರೆದ ಕಾಕ್ ಸುಳ್ಳು ಹೇಳುವುದಿಲ್ಲ. ಒಳಗೆ ಒಂದು ಸ್ಪ್ರಿಂಗು, ಒಂದು ರಬ್ಬರು ಅಥವಾ ಟೆಫ್ಲಾನ್ ಬಿಲ್ಲೆ ಇರುತ್ತದೆ. ಬಿಲ್ಲೆಯ ಮೇಲೆ ಕರಿ ಮಸಿ ಕೂತಿದ್ದರೆ ಒರೆಸಿ, ಉಂಗುರದಂತೆ ಗೆರೆ ಬಿದ್ದಿದ್ದರೆ ಬದಲಿಸಿ. ಇಲ್ಲಿ ಮಸಿ ಪದೇ ಪದೇ ಕಟ್ಟುತ್ತಿದ್ದರೆ ಮೂಲ ಹುಡುಕಬೇಕು: ಪಂಪು ಆಯಿಲ್ ತಿನ್ನುತ್ತಿದೆ, ಹೆಡ್ಡಿನ (ಸಿಲಿಂಡರಿನ ಮೇಲ್ಮುಚ್ಚಳದ) ಬಿಸಿಗೆ ಅದು ಸುಟ್ಟು ಕರಕಾಗುತ್ತಿದೆ.

ಆಯಿಲ್ ಅಂದರೆ ಕಂಪ್ರೆಸರ್ ಆಯಿಲ್. ನಮ್ಮ ಹವೆಗೆ ವಿಜಿ 100 ಗ್ರೇಡು (ಆಯಿಲ್ ಎಷ್ಟು ಮಂದ ಎನ್ನುವ ಅಳತೆ) ಸಾಮಾನ್ಯ; ನೇಮ್‌ಪ್ಲೇಟು ಅಥವಾ ಪುಸ್ತಕದಲ್ಲಿ ಬೇರೆ ಹೇಳಿದ್ದರೆ ಅದೇ ಸರಿ. ಬೈಕಿಗೆ ಹಾಕಿ ಉಳಿದ ಎಂಜಿನ್ ಆಯಿಲ್ ಇಲ್ಲಿಗೆ ಸಲ್ಲದು. ಅದರಲ್ಲಿರುವ ಡಿಟರ್ಜೆಂಟ್ ಕೊಳೆಯನ್ನು, ನೀರನ್ನು ತನ್ನೊಳಗೇ ತೇಲಿಸಿ ಇಟ್ಟುಕೊಳ್ಳುತ್ತದೆ. ಎಂಜಿನ್ನಿನಲ್ಲಿ ಕೊಳೆ ಹಿಡಿಯಲು ಆಯಿಲ್ ಫಿಲ್ಟರಿದೆ, ಈ ಪಂಪಿನಲ್ಲಿ ಇಲ್ಲ. ಜೊತೆಗೆ ಬಿಸಿ ವಾಲ್ವಿನ ಮೇಲೆ ಬೂದಿಯ ಪದರ ಬಿಡುತ್ತದೆ. ಹೊಸ ಪಂಪಿನಲ್ಲಿ ಮೊದಲ 50 ಗಂಟೆಗೆ ಆಯಿಲ್ ಬದಲಿಸಿ, ಸವೆತದ ಲೋಹದ ಪುಡಿ ಹೊರಹೋಗಲಿ. ಆಮೇಲೆ 300 ಗಂಟೆ ಅಥವಾ ಮೂರು ತಿಂಗಳು, ಯಾವುದು ಮೊದಲೋ ಅದು. ಪಂಪು ಬೆಚ್ಚಗಿರುವಾಗ ಬಸಿದರೆ ಪೂರ್ತಿ ಇಳಿಯುತ್ತದೆ. ಈ ಅಳತೆಯ ಪಂಪಿಗೆ ಹಿಡಿಯುವುದು ಒಂದು ಲೀಟರಿಗೂ ಕಡಿಮೆ. ಮಟ್ಟ ಗಾಜಿನ ಕೆಂಪು ಚುಕ್ಕೆಯ ನಡುವಿಗೆ ಬಂದರೆ ನಿಲ್ಲಿಸಿ. ಚುಕ್ಕೆ ಮುಳುಗುವಷ್ಟು ಹಾಕಿದರೆ ಒಳಗಿನ ಚಿಮ್ಮುಕಡ್ಡಿ ಬೇಕಾದದ್ದಕ್ಕಿಂತ ಹೆಚ್ಚು ಎರಚಿ, ಆಯಿಲ್ ಗಾಳಿಯ ಜೊತೆ ಹೋಗುತ್ತದೆ. ಆಯಿಲ್ ಹಾಲಿನಂತಾಗಿದ್ದರೆ ನೀರು ಸೇರಿದೆ. ಇದು ಹೆಚ್ಚಾಗಿ ದಿನಕ್ಕೆ ಐದು ನಿಮಿಷ ಓಡಿ, ಬಿಸಿಯೇ ಆಗದ ಯಂತ್ರಗಳಲ್ಲಿ ಕಾಣುವ ತೊಂದರೆ.

ಫಿಲ್ಟರಿನದು ಸಣ್ಣ ಕೆಲಸ, ಆದರೆ ದೂಳಿನ ಊರಿನಲ್ಲಿ ವಾರಕ್ಕೊಮ್ಮೆಯಾದರೂ ಬೇಕು. ಪೇಪರ್ ಫಿಲ್ಟರನ್ನು ಒಳಗಿನಿಂದ ಹೊರಕ್ಕೆ, 2 ಬಾರ್ ದಾಟದ ಗಾಳಿಯಲ್ಲಿ ಊದಿ, ತೊಳೆಯಬೇಡಿ. ಸ್ಪಂಜಿನದಾದರೆ ಸೋಪಿನ ನೀರಿನಲ್ಲಿ ತೊಳೆದು ಪೂರ್ತಿ ಒಣಗಿಸಿ. ಫಿಲ್ಟರು ಕಟ್ಟಿದರೆ ಗಾಳಿ ಕಡಿಮೆಯಾಗುವುದಷ್ಟೇ ಅಲ್ಲ: ಸಿಲಿಂಡರು ಗಾಳಿ ಸಿಗದೆ ಕೆಳಗಿನಿಂದ ಆಯಿಲನ್ನೇ ರಿಂಗು ದಾಟಿಸಿ ಎಳೆದುಕೊಳ್ಳುತ್ತದೆ. ರಿಂಗು ಹೋಗಿದೆ ಎಂದು ಪಂಪು ಬಿಚ್ಚುವ ಮೊದಲು ಫಿಲ್ಟರು ನೋಡಿ ಎನ್ನುವುದು ಇದಕ್ಕೇ. ಯಂತ್ರ ಓಡುವಾಗ ಫಿಲ್ಟರಿನ ಬಾಯಿಗೆ ಅಂಗೈ ಹಿಡಿದು ನೋಡಿ: ಎಳೆತ ಮಾತ್ರ ಇರಬೇಕು. ಒಳಗಿನಿಂದ ಪಫ್ ಪಫ್ ಎಂದು ಗಾಳಿ ಉಗುಳಿದರೆ ಒಳಬರುವ ವಾಲ್ವಿನ ಪಟ್ಟಿ ಮುರಿದಿದೆ ಅಥವಾ ಅದರಡಿ ಕಸ ಸಿಕ್ಕಿದೆ. ಹೆಡ್ ಬಿಚ್ಚಿ ವಾಲ್ವ್ ಪ್ಲೇಟ್ ಉಜ್ಜುವವರು ಪೆಟ್ರೋಲಿನಲ್ಲಿ ತೊಳೆದು ಹಾಗೇ ಜೋಡಿಸಬೇಡಿ. ಒಳಗುಳಿದ ಆವಿ, ಒತ್ತಡದ ಬಿಸಿ ಸೇರಿದರೆ ಪಂಪಿನೊಳಗೇ ಸಿಡಿಯಬಹುದು.

ಬೆಲ್ಟನ್ನು ಎರಡು ಪುಲ್ಲಿಗಳ ನಡುವೆ ಹೆಬ್ಬೆರಳಿನಿಂದ ಒತ್ತಿದರೆ 10–12 ಮಿ.ಮೀ. ಬಗ್ಗಬೇಕು. ಸಡಿಲವಾದರೆ ಜಾರಿ ಸುಡುತ್ತದೆ, ಬಿಗಿಯಾದರೆ ಮೋಟಾರಿನ ಬೇರಿಂಗು ಹೋಗುತ್ತದೆ. ಕಿರುಚಿದಾಗ ಸೋಪು ಉಜ್ಜುವುದು ಒಂದು ದಿನದ ಉಪಾಯ. ತ್ರೀ ಫೇಸ್ ಮೋಟಾರಿನ ವಯರ್ ಬಿಚ್ಚಿ ಹಾಕಿದ ಮೇಲೆ ತಿರುಗುವ ದಿಕ್ಕನ್ನು ಬಾಣದ ಗುರುತಿಗೆ ಹೋಲಿಸಿ ನೋಡಿ. ಪಂಪಿನ ದೊಡ್ಡ ಚಕ್ರದ ಕಡ್ಡಿಗಳೇ ಫ್ಯಾನು. ಉಲ್ಟಾ ತಿರುಗಿದರೂ ಗಾಳಿ ತುಂಬುತ್ತದೆ, ತಂಪು ಮಾತ್ರ ಸಿಗದೆ ಹೆಡ್ ಕಾದುಹೋಗುತ್ತದೆ.

ಗಾಲಿ ಇರುವ ಯಂತ್ರದ ದೊಡ್ಡ ಶತ್ರು ಉದ್ದದ ತೆಳು ವಯರು. 2 ಎಚ್‌ಪಿ ಸಿಂಗಲ್ ಫೇಸ್ ಮೋಟಾರು ಓಡುವಾಗ ಸುಮಾರು 10 ಆಂಪಿಯರ್ ಎಳೆದರೆ, ಏಳುವ ಕ್ಷಣದಲ್ಲಿ 50 ಎಳೆಯುತ್ತದೆ. 30 ಮೀಟರಿನ 1.5 ಚದರ ಮಿ.ಮೀ. ತಾಮ್ರದ ವಯರಿನಲ್ಲಿ ಆಗ 35 ವೋಲ್ಟ್ ಆಸುಪಾಸು ಕಳೆದುಹೋಗುತ್ತದೆ. 230 ಇದ್ದದ್ದು 195. ಮೋಟಾರಿನ ಏಳುವ ಬಲ ವೋಲ್ಟೇಜಿನ ವರ್ಗದ ಲೆಕ್ಕದಲ್ಲಿ ಇಳಿಯುವುದರಿಂದ ಕಾಲು ಭಾಗಕ್ಕೂ ಹೆಚ್ಚು ಬಲ ವಯರಿನಲ್ಲೇ ಹೋಯಿತು. ಹಳ್ಳಿಯ ಲೈನಿನಲ್ಲಿ ಸಂಜೆ ಮೊದಲೇ 190 ಇದ್ದರೆ ಕೇಳುವುದೇ ಬೇಡ. ಯಂತ್ರವನ್ನು ಮೀಟರ್ ಬೋರ್ಡಿನ ಹತ್ತಿರ ನಿಲ್ಲಿಸಿ, ಗಾಳಿಯ ಹೋಸನ್ನು ಉದ್ದ ಮಾಡಿ. ತ್ರೀ ಫೇಸ್ ಇದ್ದಲ್ಲಿ, ಬೋರ್‌ವೆಲ್ ಪಂಪ್‌ಸೆಟ್ಟಿಗೆ ಹಾಕುವಂತೆ, ಒಂದು ಫೇಸ್ ಹೋದರೆ ಮೋಟಾರು ನಿಲ್ಲಿಸುವ ಸಿಂಗಲ್ ಫೇಸ್ ಪ್ರಿವೆಂಟರ್ ಹಾಕಿಸಿ.

ಸಾಗಿಸುವಾಗ ಗೂಡ್ಸ್ ಆಟೋದಲ್ಲಿ ಅಡ್ಡ ಮಲಗಿಸಿದರೆ ಆಯಿಲ್ ಪಂಪಿನ ಉಸಿರುಗಂಡಿಯಾದ ಬ್ರೀದರಿನಿಂದ ಹೊರಕ್ಕೆ, ರಿಂಗು ದಾಟಿ ಸಿಲಿಂಡರಿಗೂ ಹೋಗುತ್ತದೆ. ಇಳಿಸಿದ ಮೇಲೆ ಅರ್ಧ ಗಂಟೆ ನೆಟ್ಟಗೆ ನಿಲ್ಲಿಸಿ, ಮಟ್ಟ ನೋಡಿ, ಪ್ಲಗ್ ಹಾಕುವ ಮೊದಲು ಚಕ್ರವನ್ನು ಕೈಯಿಂದ ನಾಲ್ಕೈದು ಸುತ್ತು ತಿರುಗಿಸಿ. ಪಂಪಿನ ಬೋಲ್ಟು, ತಾಮ್ರದ ಪೈಪಿನ ನಟ್ಟುಗಳನ್ನೂ ಆಗಲೇ ಮುಟ್ಟಿ ನೋಡಿ. ಪೈಪು ಸೀಳುವುದು ಹೆಚ್ಚಾಗಿ ನಟ್ಟಿನ ಬುಡದಲ್ಲಿ.

ಒತ್ತಡ ಮಿತಿ ಮೀರಿದರೆ ಗಾಳಿ ಬಿಡುವ ಸೇಫ್ಟಿ ವಾಲ್ವಿನ ರಿಂಗನ್ನು ವಾರಕ್ಕೊಮ್ಮೆ ಎಳೆಯಿರಿ: ಗಾಳಿ ಬರಬೇಕು, ಬಿಟ್ಟಾಗ ನಿಲ್ಲಬೇಕು. ಸೋರುತ್ತದೆ ಎಂದು ಬಿಗಿ ಮಾಡುವುದು, ಬೋಲ್ಟು ಹಾಕಿ ಮುಚ್ಚುವುದು ಕೊಲೆಗೆ ಸಮ.

ಕೊನೆಗೆ ಒಂದು ಅಳತೆ. ಟ್ಯಾಂಕು ಖಾಲಿಯಿಂದ ಕಟ್ ಆಗುವವರೆಗೆ ಎಷ್ಟು ನಿಮಿಷ ಹಿಡಿಯುತ್ತದೆ ಎಂದು ಯಂತ್ರ ಚೆನ್ನಾಗಿರುವಾಗಲೇ ನೋಡಿ, ಟ್ಯಾಂಕಿನ ಮೇಲೆ ಪೇಂಟಿನಲ್ಲಿ ಬರೆದಿಡಿ. 160 ಲೀಟರ್ ಟ್ಯಾಂಕನ್ನು 8 ಬಾರ್‌ಗೆ ತುಂಬಲು 1280 ಲೀಟರ್ ಹೊರಗಿನ ಗಾಳಿ ಬೇಕು; ನಿಮಿಷಕ್ಕೆ 140 ಲೀಟರ್ ಕೊಡುವ ಪಂಪಿಗೆ ಒಂಬತ್ತು ನಿಮಿಷದ ಕೆಲಸ. ಅದು ಹನ್ನೊಂದಕ್ಕೆ ಹೋದರೆ ಮೊದಲು ಫಿಲ್ಟರು, ಆಮೇಲೆ ಬೆಲ್ಟು, ಆಮೇಲೆ ಜಾಯಿಂಟುಗಳಿಗೆ ಸೋಪಿನ ನೀರು, ಆಮೇಲೆ ವಾಲ್ವ್ ಪ್ಲೇಟು. ರಿಂಗಿನ ಸರದಿ ಬರುವುದು ಇವೆಲ್ಲ ಮುಗಿದ ಮೇಲೆಯೇ.