ಅಜ್ಜಿಯ ಕಂದಾಯ, ನನ್ನ ಓಟು

ಪಕ್ಕದ ಮನೆ ಅಜ್ಜಿ ಶಿಕಾಗೋ ಹತ್ತಿರದ ಶಾಂಬರ್ಗ್‌ನ ಈ ಬೀದಿಗೆ ಬಂದದ್ದು 1978ರಲ್ಲಿ. ಮನೆ ಸಾಲ ತೀರಿ ಎಷ್ಟೋ ವರ್ಷ ಆಯಿತು. ಆದರೂ "ನಾನಿನ್ನೂ ಬಾಡಿಗೆ ಕಟ್ತಾನೇ ಇದ್ದೀನಿ" ಅನ್ನುತ್ತಾರೆ. ಬಾಡಿಗೆ ಅಂದರೆ ಮನೆ ಕಂದಾಯ. ನಮ್ಮ ಕುಕ್ ಕೌಂಟಿಯಲ್ಲಿ (ಕೌಂಟಿ ಅಂದರೆ ನಮ್ಮ ಜಿಲ್ಲೆ ಇದ್ದ ಹಾಗೆ) ಅದಕ್ಕೆ ಎರಡು ಕಂತು. ಮೊದಲನೆಯದು ಹಿಂದಿನ ವರ್ಷದ ಒಟ್ಟು ಮೊತ್ತದಲ್ಲಿ ಶೇ. 55. ಏರಿಕೆ ಇದ್ದರೆ ಅದರ ಏಟು ಎರಡನೇ ಬಿಲ್ಲಿನಲ್ಲಿ.

ಬೆಂಗಳೂರಿನಲ್ಲಿ ಅಪ್ಪ ಶೇ. 5 ರಿಯಾಯಿತಿಗೋಸ್ಕರ ಏಪ್ರಿಲ್‌ನಲ್ಲೇ ಕಂದಾಯ ಕಟ್ಟಿ ರಸೀದಿಯನ್ನು ಬೀರುವಿನಲ್ಲಿ ಇಡುವವರು. ಅಜ್ಜಿಯ ಬಿಲ್ಲು ಎಷ್ಟು ಅಂತ ಫೋನಿನಲ್ಲಿ ಹೇಳಿದೆ. "ಒಂದು ಸೊನ್ನೆ ಜಾಸ್ತಿ ಹೇಳ್ತಿದೀಯ ಕಣೋ" ಅಂದರು.

2024ರ ನವೆಂಬರ್ 5. ಪೌರತ್ವ ಸಿಕ್ಕ ಮೇಲೆ ನನ್ನ ಮೊದಲ ಓಟು. ಅಜ್ಜಿಯನ್ನೂ ಕಾರಿನಲ್ಲಿ ಕರೆದುಕೊಂಡು ಹೋಗೋಣ ಅಂತ ಅವರ ಮನೆಗೆ ಹೋದೆ. ಅವರು ಕನ್ನಡಕ ಹುಡುಕುವಷ್ಟರಲ್ಲಿ ಫ್ರಿಜ್ಜಿನ ಬಾಗಿಲಿಗೆ ಮ್ಯಾಗ್ನೆಟ್‌ನಲ್ಲಿ ಸಿಕ್ಕಿಸಿದ್ದ ಬಿಲ್ಲು ಓದಿದೆ. ಯಾರಿಗೆ ಎಷ್ಟು ಅಂತ ಸಾಲುಸಾಲಾಗಿ ಇತ್ತು. ಗ್ರಂಥಾಲಯ, ಪಾರ್ಕು, ಸೊಳ್ಳೆ ಓಡಿಸುವವರಿಗೂ ಒಂದು ಸಾಲು! ಎಲ್ಲಕ್ಕಿಂತ ದೊಡ್ಡ ಮೊತ್ತ ಶಾಲೆಗಳದ್ದು. ಅದರಲ್ಲೊಂದು ನನ್ನ ಮಗಳು ಹೋಗುವ ಶಾಲೆಯ ಡಿಸ್ಟ್ರಿಕ್ಟು, ಅಂದರೆ ಆ ಶಾಲೆಯನ್ನು ನಡೆಸುವ ಸ್ಥಳೀಯ ಸಂಸ್ಥೆ. ಯಾಕೋ ಕಳ್ಳನ ಹಾಗೆ ಬಿಲ್ಲಿನಿಂದ ಕಣ್ಣು ತೆಗೆದೆ.

ವಿನಾಯಿತಿ ಇಲ್ಲ ಅಂತಲ್ಲ. ಹಿರಿಯರಿಗೆ ಒಂದಿದೆ, ಅದು ಅಜ್ಜಿಗೆ ಸಿಗುತ್ತದೆ. 2024ರಲ್ಲಿ ಆದಾಯ 65,000 ಡಾಲರ್ ಒಳಗಿದ್ದರೆ ಇನ್ನೊಂದು ಸಿಗುತ್ತಿತ್ತು. ಅಜ್ಜಿಯ ಪಿಂಚಣಿ, ಬಡ್ಡಿ ಸೇರಿ ಸ್ವಲ್ಪ ದಾಟುತ್ತಿತ್ತು. 10 ವರ್ಷ ಅದೇ ಮನೆಯಲ್ಲಿ ಇದ್ದವರಿಗೂ ಒಂದಿದೆ, ಆದರೆ ಮನೆಯ ಬೆಲೆ ಒಂದೇ ಸಲಕ್ಕೆ ವಿಪರೀತ ಏರಿರಬೇಕು. ಇವರದ್ದು ಮೆಲ್ಲಗೆ ಏರಿದೆ. ಮೆಲ್ಲಗೆ ಏರಿದ್ದೇ ತಪ್ಪಾಯಿತು ನೋಡಿ.

ಮತಪತ್ರದಲ್ಲಿ ನ್ಯಾಯಾಧೀಶರ ಹೆಸರುಗಳೇ ಮುಗಿಯುತ್ತಿರಲಿಲ್ಲ. ಅದರ ಜೊತೆಗೆ ಒಂದು ಪ್ರಶ್ನೆ: ವರ್ಷಕ್ಕೆ 10 ಲಕ್ಷ ಡಾಲರ್ ಮೀರಿದ ಆದಾಯದ ಮೇಲೆ ಶೇ. 3 ಹೆಚ್ಚುವರಿ ತೆರಿಗೆ ಹಾಕಿ, ಆ ದುಡ್ಡನ್ನು ಆಸ್ತಿ ತೆರಿಗೆಯ ಹೊರೆ ಇಳಿಸಲು ಬಳಸುವಂತೆ ನಮ್ಮ ರಾಜ್ಯ ಇಲಿನಾಯ್‌ನ ಸಂವಿಧಾನ ತಿದ್ದಬೇಕೇ? ಬರೀ ಸಲಹೆಯ ಓಟು. ಗೆದ್ದರೂ ಶಾಸಕರು ಏನೂ ಮಾಡಬೇಕಾಗಿಲ್ಲ. 2020ರಲ್ಲಿ ಹೆಚ್ಚು ಆದಾಯಕ್ಕೆ ಹೆಚ್ಚು ದರ ಇರಲಿ ಎಂಬ ತಿದ್ದುಪಡಿಯನ್ನು ಇದೇ ಜನ ಸೋಲಿಸಿದ್ದರು.

ವಾಪಸ್ ಬರುವಾಗ ಕೇಳಿದೆ, "ಸುಮ್ನೆ ಕೇಳ್ತಾರೆ ಅಷ್ಟೇ, ಅಲ್ವಾ?"

"46 ವರ್ಷದಿಂದ ಬಿಲ್ಲು ಕಳಿಸ್ತಿದ್ದಾರೆ. ಕೇಳಿದ್ದು ಇದೇ ಮೊದಲು" ಅಂದರು ಅಜ್ಜಿ.

ಶೇ. 60ರಷ್ಟು ಜನ ಹೌದು ಅಂದಿದ್ದರು. ನಾನೂ ಅಂದಿದ್ದೆ, ಪೂರ್ತಿ ನಂಬಿಕೆ ಇರಲಿಲ್ಲ, ಆದರೂ. ಚಳಿಗಾಲದಲ್ಲಿ ಮುಂದಿನ ಬಿಲ್ಲು ಬಂತು, ಅದೇ ಶೇ. 55.

ಅದೇ ವಾರ ಮಗಳು ಶಾಲೆಗೆ ದುಡ್ಡು ಕೂಡಿಸಲು ಚಾಕೊಲೇಟ್ ಡಬ್ಬ ಹಿಡಿದು ಅಜ್ಜಿಯ ಬಾಗಿಲು ತಟ್ಟಿದಳು. "ನಿಮ್ಮ ಶಾಲೆಗೆ ಆಗಲೇ ಕಟ್ಟಿದ್ದೀನಲ್ಲಮ್ಮ" ಅಂತ ನಕ್ಕರಂತೆ. ಎರಡು ಡಬ್ಬ ತೆಗೆದುಕೊಂಡರು.