9.2 ಅಂತ ಕಂಡ ಕೂಡಲೇ ಹಳೇದು ಅಂದ್ಕೋಬೇಡಿ

2024ರ ಜುಲೈ 1, ಸೋಮವಾರ. ದೂರದಿಂದ ಸರ್ವರ್‌ಗೆ ಲಾಗಿನ್ ಆಗಲು ಬಳಸುವ ಓಪನ್‌ಎಸ್‌ಎಸ್‌ಎಚ್‌ನಲ್ಲಿ, ಲಾಗಿನ್ ಆಗದೆಯೇ ರೂಟ್ (ಸರ್ವರ್ ಮೇಲೆ ಪೂರ್ತಿ ಅಧಿಕಾರ ಇರುವವರು) ಆಗಬಹುದಾದ ದೋಷವಿದೆ ಅಂತ ಭದ್ರತಾ ಕಂಪನಿ ಕ್ವಾಲಿಸ್‌ನವರು ಹೇಳಿದರು. ಅದರ ಗುರುತಿನ ನಂಬರ್ ಸಿವಿಇ-2024-6387. 2006ರಲ್ಲೇ ಮುಚ್ಚಿದ್ದ ತೂತು, 8.5ಪಿ1 ವರ್ಷನ್‌ನಲ್ಲಿ ಮತ್ತೆ ತೆರೆದುಕೊಂಡಿತ್ತು. ಅದೇ ದಿನ, ನಮ್ಮ ಸರ್ವರ್‌ಗಳಲ್ಲಿರುವ ಲಿನಕ್ಸ್ ಡಿಸ್ಟ್ರೋ ಡೆಬಿಯನ್‌ನ ತಂಡ ಡಿಎಸ್‌ಎ-5724 ಅನ್ನುವ ಭದ್ರತಾ ಪ್ರಕಟಣೆ ಹೊರಡಿಸಿತು. ಡೆಬಿಯನ್ 12ಕ್ಕೆ ದೋಷ ಸರಿಪಡಿಸಿದ ಪ್ಯಾಕೇಜ್ 1:9.2ಪಿ1-2+ಡೆಬ್12ಯು3.

ಸ್ಟೇಜಿಂಗ್‌ನಲ್ಲಿ (ಪರೀಕ್ಷೆಗೆ ಇಟ್ಟ ಸರ್ವರ್‌ಗಳಲ್ಲಿ) ನೋಡಿಕೊಂಡು ಪ್ರೊಡಕ್ಷನ್‌ಗೆ, ಅಂದರೆ ನಿಜವಾಗಿ ಬಳಕೆಯಲ್ಲಿರುವ ಸರ್ವರ್‌ಗಳಿಗೆ, ಹೋದೆವು. ಎಸ್‌ಎಸ್‌ಎಚ್ ಮೂಲಕ ಒಳಗೆ ಕೂತು ಎಸ್‌ಎಸ್‌ಎಚ್ ಅನ್ನೇ ಬದಲಾಯಿಸುವುದು ಅಂದರೆ ಎಷ್ಟು ಸಲ ಮಾಡಿದ್ದರೂ ಕೈ ತಣ್ಣಗಾಗುತ್ತದೆ. ಸರ್ವಿಸ್ ರೀಸ್ಟಾರ್ಟ್ ಆಯಿತು. ತೆರೆದಿದ್ದ ಸೆಷನ್ ಹಾಗೇ ಇತ್ತು. ಅದು ಇದ್ದರೆ ಸಾಲದು, ಅಲ್ವಾ? ಅದನ್ನು ಮುಟ್ಟದೆ ಇನ್ನೊಂದು ಟರ್ಮಿನಲ್‌ನಿಂದ ಹೊಸದಾಗಿ ಲಾಗಿನ್ ಆಗಬೇಕು. ಎಂಟರ್ ಒತ್ತಿದ ಮೇಲೆ ಪ್ರಾಂಪ್ಟ್ ಬರುವವರೆಗೆ ಯಾರೂ ಮಾತಾಡಲಿಲ್ಲ. ಬಂತು. ಮುಂದಿನ ಸರ್ವರ್.

ನಿಜವಾದ ಜಗಳ ಶುರುವಾಗಿದ್ದು ಆಡಿಟ್ ಸ್ಕ್ಯಾನರ್ ರಿಪೋರ್ಟ್ ಬಂದ ಮೇಲೆ. ಎಲ್ಲಾ ಸರ್ವರ್‌ಗಳೂ ಕೆಂಪು, ಅಂದರೆ ದೋಷ ಹಾಗೇ ಇದೆ ಅಂತ! ಮೇಲಿನವರದು ಒಂದೇ ಪ್ರಶ್ನೆ: "ಸರ್, ಫಿಕ್ಸ್ ಇರೋದು 9.8ರಲ್ಲಿ. ನಿಮ್ಮದು ಇನ್ನೂ 9.2. ಪ್ಯಾಚ್ ಆಗಿದೆ ಅಂತ ಹೇಗೆ ಹೇಳ್ತೀರಿ?" ಸೋರ್ಸ್ ತಂದು ನಾವೇ ಕಂಪೈಲ್ ಮಾಡಿ ಹಾಕಿ ಅನ್ನುವ ಒತ್ತಾಯ ಬೇರೆ.

ನಾನು ಒಪ್ಪಲಿಲ್ಲ. ಸ್ಟೇಬಲ್ ಡಿಸ್ಟ್ರೋ ವರ್ಷನ್ ಏರಿಸುವುದಿಲ್ಲ, ಫಿಕ್ಸ್ ಮಾತ್ರ ಎತ್ತಿ ಹಳೆಯ ಕೋಡ್‌ಗೆ ಸೇರಿಸುತ್ತದೆ. ಹರಿದ ಕಡೆ ತೇಪೆ ಹಾಕಿದರೆ ಅಂಗಿಯ ಅಳತೆ ಬದಲಾಗಲ್ಲವಲ್ಲ, ಹಾಗೆ. 9.8ರಲ್ಲಾದರೋ ಪದೇ ಪದೇ ಲಾಗಿನ್ ಆಗದೆ ಬಂದು ಹೋಗುವ ಐಪಿಗಳನ್ನು ತಾನಾಗಿಯೇ ತಡೆಯುವ ಹೊಸ ಏರ್ಪಾಡಿದೆ. ನಮ್ಮ ಮಾನಿಟರಿಂಗ್ ಟೂಲ್ ಹಾಗೆ ಲಾಗಿನ್ ಆಗದೆ ಬಂದು ಹೋಗುವುದೇ, ಅದನ್ನೇ ತಡೆದುಬಿಟ್ಟರೆ? ಇನ್ನೂ ದೊಡ್ಡ ತೊಂದರೆ ಏನೆಂದರೆ, ಕೈಯಾರೆ ಕಂಪೈಲ್ ಮಾಡಿದ್ದಕ್ಕೆ ಡೆಬಿಯನ್‌ನ ಅಪ್‌ಡೇಟ್ ಟೂಲ್ ಆಪ್ಟ್ ಮುಂದಿನ ಫಿಕ್ಸ್ ತಂದುಕೊಡುವುದಿಲ್ಲ. ಇವತ್ತು ಒಂದು ಕೆಂಪು ಅಳಿಸಲು ಹೋಗಿ ಮುಂದಿನ ಎಲ್ಲಾ ಅಪ್‌ಡೇಟ್ ಕಳೆದುಕೊಳ್ಳುವುದಾ?

ಮೀಟಿಂಗ್‌ನಲ್ಲೇ ಎಸ್‌ಎಸ್‌ಎಚ್‌ನ ಪೋರ್ಟ್ 22ಕ್ಕೆ ಕನೆಕ್ಟ್ ಮಾಡಿ ಬ್ಯಾನರ್, ಅಂದರೆ ಸರ್ವರ್ ತನ್ನ ವರ್ಷನ್ ಹೇಳುವ ಸಾಲು, ತೋರಿಸಿದೆ. "ಓಪನ್‌ಎಸ್‌ಎಸ್‌ಎಚ್_9.2ಪಿ1 ಡೆಬಿಯನ್-2+ಡೆಬ್12ಯು3." ಸರ್ವರ್ ತಾನೇ ಹೇಳುತ್ತಿದೆ. ಸ್ಕ್ಯಾನರ್ ಮೊದಲ ಅರ್ಧ ಓದಿ ನಿಲ್ಲಿಸಿದೆ. ಲಕ್ಷಗಟ್ಟಲೆ ಕೊಟ್ಟು ತಂದ ಟೂಲ್ ಒಂದು ಸಾಲನ್ನು ಪೂರ್ತಿ ಓದಲ್ಲ ಅಂದರೆ ನನಗೆ ನಿಜವಾಗಿಯೂ ಬೇಜಾರಾಗುತ್ತದೆ. ಎಲ್ಲಾ ಕೆಂಪಾದರೆ ನಿಜವಾಗಿ ಪ್ಯಾಚ್ ಆಗದೆ ಉಳಿದ ಸರ್ವರ್ ಯಾವುದು ಅಂತ ಹುಡುಕುವುದು ಹೇಗೆ?

ಇನ್ನೊಂದು ಮಾತು ಬಂತು: "ಡೆಬಿಯನ್ 11 ಇನ್ನೂ ಹಳೇದು, ಮೊದಲು ಅದನ್ನ ನೋಡಿ." ಅದರಲ್ಲಿರುವುದು 8.4ಪಿ1. ಈ ದೋಷ ಬಂದದ್ದೇ 8.5ರಲ್ಲಿ. ಆ ಸರ್ವರ್‌ಗಳಿಗೆ ಇದರಿಂದ ಏನೂ ಆಗುತ್ತಿರಲಿಲ್ಲ.

ಲಾಗಿನ್ ಆಗಲು ಕೊಡುವ ಸಮಯದ ಮಿತಿ ಲಾಗಿನ್‌ಗ್ರೇಸ್‌ಟೈಮ್ ಅನ್ನು ಸೊನ್ನೆ (ಮಿತಿಯೇ ಇಲ್ಲ) ಮಾಡಿದರೆ ಸಾಕಲ್ವಾ ಅಂತ ಕೇಳಿದವರೂ ಇದ್ದರು. ಅಪ್‌ಡೇಟ್ ಸಿಗದವರಿಗೆ ಅದು ಸರಿ. ಆದರೆ ಸುಮ್ನೆ ಕನೆಕ್ಷನ್ ಹಿಡಿದು ಕೂತವರು ಬೇರೆಯವರ ದಾರಿ ಕಟ್ಟಬಹುದು. ಪ್ಯಾಕೇಜ್ ಕೈಯಲ್ಲಿದ್ದಾಗ ಅದು ಬೇಡ.

ಈಗ ನಮ್ಮ ಟಿಕೆಟ್‌ನಲ್ಲಿ ಡಿಸ್ಟ್ರೋ ಪ್ಯಾಕೇಜ್ ವರ್ಷನ್‌ಗೆ ಒಂದು ಕಾಲಂ, ಡಿಎಸ್‌ಎ ನಂಬರ್‌ಗೆ ಇನ್ನೊಂದು ಕಾಲಂ ಇದೆ. ಎರಡರಲ್ಲಿ ಯಾವುದು ಖಾಲಿ ಇದ್ದರೂ ಟಿಕೆಟ್ ಬರೆದವರಿಗೇ ವಾಪಸ್ ಹೋಗುತ್ತದೆ, ಅದು ಆಡಿಟ್‌ನವರದ್ದಾದರೂ ಸರಿ.